ಜೇಬಕ್ಕನ ಪುಟ್ಟ ಜೇಬು

ಜೀನ್ಸ್ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜೇಬಕ್ಕ ಅನ್ನುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಪ್ಯಾಂಟಿನ ಬಲಗಡೆ ದೊಡ್ಡ ಜೇಬಿನೊಳಗೆ ಅಡಗಿ ಕೂರುತ್ತದಲ್ಲ, ಎರಡು ಬೆರಳು ಹಿಡಿಸುವಷ್ಟು ಜೇಬು, ಅದನ್ನು ದೊಡ್ಡ ಜೇಬಿನ ಬಾಯಿಗೆ ಬರುವ ಒಳಪಟ್ಟಿಗೆ ಹೊಲಿಯುವುದು. ಕೈ ತನ್ನ ಪಾಡಿಗೆ ನಡೆಯುತ್ತಿತ್ತು, ಕಿವಿ ಪಕ್ಕದವಳ ಹರಟೆಯಲ್ಲಿರುತ್ತಿತ್ತು.

ಒಂದು ಸೋಮವಾರ ಸೂಪರ್‌ವೈಸರ್ ಬಂದು, “ಅಕ್ಕಾ, ಹೊಸ ಆರ್ಡರಿಗೆ ಪುಟ್ಟ ಜೇಬಿಲ್ಲ. ಬರೀ ಪಟ್ಟಿ ಅಂಚು ಹೊಲಿದು ಮುಂದೆ ಕಳ್ಸಿ” ಅಂದ.

“ಇಲ್ಲ ಅಂದ್ರೆ? ಮರ್ತಿದಾರಾ?”

“ಬೇಡ ಅಂದಿದಾರೆ. ಅದ್ರಲ್ಲಿ ಯಾರು ಏನಿಡ್ತಾರೆ, ನೀವೇ ಹೇಳಿ?”

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಜೇಬಕ್ಕನ ತಲೆಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಲಾಟೆ ಎದ್ದಿತು. ನಲವತ್ತು ಪಟ್ಟಿಗಳ ಮೇಲೆ ಪುಟ್ಟ ಜೇಬು ಕೂತಿತ್ತು. ಹಳೇ ಆರ್ಡರಿನಲ್ಲಿ ಉಳಿದಿದ್ದ ತುಂಡುಗಳನ್ನು ಬುಟ್ಟಿಯಿಂದ ತೆಗೆತೆಗೆದು ಅವಳೇ ಹೊಲಿದುಬಿಟ್ಟಿದ್ದಳು.

“ಇದನ್ನ ನಾನಾ ಹೊಲಿದಿದ್ದು?”

“ಮತ್ತೆ ನಾನಾ?” ಸೂಪರ್‌ವೈಸರ್ ತಲೆ ಮೇಲೆ ಕೈ ಹೊತ್ತುಕೊಂಡ.

ಊಟದ ಬಿಡುವಿನಲ್ಲಿ ಅವಳು ಬ್ಲೇಡು ಹಿಡಿದು ಹೊಲಿಗೆ ಬಿಚ್ಚತೊಡಗಿದಳು. ಬಟ್ಟೆ ಕತ್ತರಿಸುವ ಮಾಸ್ತರರು ವಯಸ್ಸಾದವರು, ಕನ್ನಡಕ ಏರಿಸಿಕೊಂಡು ಪಕ್ಕಕ್ಕೆ ಬಂದು ಕೂತು ಕೈಜೋಡಿಸಿದರು.

“ಮಾಸ್ತರೇ, ಈ ಜೇಬು ಯಾತಕ್ಕೆ?”

“ಈ ಜೀನ್ಸು ಮೊದಲು ಕೂಲಿಗಳ ಪ್ಯಾಂಟು ಕಣಮ್ಮ. ನೂರೈವತ್ತು ವರ್ಷ ಆಯ್ತು, ಹೊರದೇಶದಲ್ಲಿ. ಒಬ್ಬ ಕೂಲಿಯವನ ಜೇಬು ಹರಿದೂ ಹರಿದೂ ಸಾಕಾಗಿ, ಅವನ ಹೆಂಡ್ತಿ ದರ್ಜಿ ಹತ್ರ ಹೋಗಿ ಗಟ್ಟಿ ಮಾಡ್ಕೊಡಪ್ಪ ಅಂದ್ಲಂತೆ. ಆ ದರ್ಜಿ ಕುದುರೆ ಹೊದಿಕೆಗೆ ಬಡಿಯೋ ತಾಮ್ರದ ಮೊಳೆನ ಜೇಬಿನ ಮೂಲೆಗೆ ಬಡಿದ. ಅದೇ ನಮ್ಮ ರಿವೆಟ್ಟು.”

“ಸರಿ, ಪುಟ್ಟ ಜೇಬು?”

“ಗಡಿಯಾರ ಇಡೋಕೆ. ಆಗಿನ ಸರಪಳಿ ಗಡಿಯಾರ.”

ಜೇಬಕ್ಕನ ಬ್ಲೇಡು ನಿಂತಿತು. “ಹರಿದ ಪ್ಯಾಂಟನ್ನೇ ಹೊಲಿಸಿಕೊಳ್ಳೋನ ಹತ್ರ ಗಡಿಯಾರ ಎಲ್ಲಿಂದ ಬಂತು?”

“ಅದನ್ನ ನಾನೂ ಯಾರನ್ನೂ ಕೇಳಿಲ್ಲ ನೋಡು” ಅಂದರು ಮಾಸ್ತರರು.

ಸಂಜೆ ಮನೆಯಲ್ಲಿ ಗಂಡನ ಪ್ಯಾಂಟು ತಂದು ಅವನ ಮುಂದಿಟ್ಟಳು. ಲಾರಿಗೆ ಮೂಟೆ ಹೇರುವ ಆತ ವರ್ಷಗಟ್ಟಲೆ ಅವಳ ಕಾರ್ಖಾನೆಯ ಜೀನ್ಸನ್ನೇ ತೊಡುತ್ತಿದ್ದ.

“ಇದ್ರಲ್ಲಿ ನೀವೇನಿಡ್ತೀರಿ?”

“ಅದು ಜೇಬಾ? ಬಟ್ಟೆ ಹರಿದು ತೇಪೆ ಹಾಕಿದಾರೆ ಅಂದ್ಕೊಂಡಿದ್ದೆ.”

ಅವಳು ನಕ್ಕು, ಆ ಜೇಬಿನ ಬಾಯಿ ಬಿಡಿಸಿ ತೋರಿಸಿದಳು.

ಆ ವಾರವೆಲ್ಲ ಬಸ್ಸಿನಲ್ಲಿ ಕಂಡವರ ಸೊಂಟದ ಮೇಲೇ ಅವಳ ಕಣ್ಣು. ಶುಕ್ರವಾರ ಎದುರು ನಿಂತಿದ್ದವನೊಬ್ಬ, “ಏನಮ್ಮಾ, ಏನು ನೋಡ್ತಿದೀರಿ?” ಎಂದು ಗದರಿದ.

ನಾಚಿಕೆಯಿಂದ ಕುಗ್ಗಿದರೂ ಅವಳು ಕೇಳಿಯೇಬಿಟ್ಟಳು. “ಆ ಪುಟ್ಟ ಜೇಬಲ್ಲಿ ಏನಿಟ್ಟಿದೀರಪ್ಪ? ಹೊಲಿಯೋಳು ನಾನು.”

ಅವನ ಸಿಟ್ಟು ಎತ್ತಲೋ ಹೋಯಿತು. ಎರಡು ಬೆರಳು ತೂರಿಸಿ, ಎಷ್ಟೋ ಒಗೆತ ಕಂಡು ಗೋಲಿಯಂತಾಗಿದ್ದ ಕಾಗದವೊಂದನ್ನು ಕಿತ್ತು ತೆಗೆದ. “ಇದನ್ನ ನಾನು ಯಾವಾಗ ಇಟ್ಟೆ?” ಎಂದು ಅವಳನ್ನೇ ಕೇಳಿದ.

ಇಬ್ಬರೂ ಬಗ್ಗಿ ನೋಡಿದರು. ಅಕ್ಷರವೆಲ್ಲ ಮಾಸಿ ನೀಲಿ ಕಲೆ ಉಳಿದಿತ್ತು. ಅವಳು ಇಳಿಯುವ ನಿಲ್ದಾಣ ಬಂದಾಗಲೂ ಅವನು ಅದನ್ನು ಉಗುರಿನಿಂದ ಬಿಡಿಸುತ್ತಲೇ ಇದ್ದ.