ಕಂಡಕ್ಟರ್ ದೇವರಾಜು ಮಾಡಿದ ಭಾಷಣ

ಪಾಂಡವಪುರದ ದೇವರಾಜು ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಹೆಂಡತಿ ಮಂಚಮ್ಮನಿಗೆ ನೆಮ್ಮದಿ ಹೋಯಿತು. ಕೆ.ಆರ್.ಪೇಟೆ, ನಾಗಮಂಗಲ, ಬಿಂಡಿಗನವಿಲೆ ಎಂದು ಜೀವಮಾನವೆಲ್ಲ ಬಸ್ಸಿನಲ್ಲಿ ನಿಂತೇ ಕಳೆದ ಮನುಷ್ಯನಿಗೆ ಮನೆಯಲ್ಲಿ ಕೂತಿರುವುದು ಗೊತ್ತಿರಲಿಲ್ಲ. ಬೆಳಗಾದರೆ ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಒಳಗೆ ಹೋಗುವವರು, ಹೊರಗೆ ಬರುವವರು ಅವರ ಭುಜ ತಾಕಿಸಿಕೊಂಡೇ ದಾಟಬೇಕು. ಸೊಸೆ ನೀರಿನ ಕೊಡ ಹೊತ್ತು ಬಂದರೆ ಲಗೇಜು ಒಂದು ಕಡೆ ಇಡು ಎನ್ನುತ್ತಿದ್ದರು. ಒಂದು ದಿನ ಮಂಚಮ್ಮ, ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿ ದೇವರಿಗೆ ಕೈಮುಗಿದು ಬನ್ನಿ, ನಿಧಾನವಾಗಿಯೇ ಬನ್ನಿ ಎಂದು ಕಳಿಸಿಕೊಟ್ಟರು.

ದೇವರಾಜು ಮುಳುಗಿದರು, ಕೈಮುಗಿದರು. ಬಸ್ ನಿಲ್ದಾಣಕ್ಕೆ ಹಿಂದಿರುಗುವಾಗ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಅಧ್ಯಯನ ಕೇಂದ್ರದ ಗೇಟಿನಲ್ಲಿ ಒಂದು ಬ್ಯಾನರು ಕಂಡಿತು. ಹಳೇ ಮೈಸೂರಿನ ಜನಜೀವನ ಕುರಿತು ವಿಚಾರ ಸಂಕಿರಣ, ಸರ್ವರಿಗೂ ಸ್ವಾಗತ. ಹೀಗೆ ಬರೆದಿರುವುದನ್ನು ಯಾರೂ ನಂಬುವುದಿಲ್ಲ. ದೇವರಾಜು ನಂಬಿದರು.

ಸಭಾಂಗಣದಲ್ಲಿ ಅವರಿಗೆ ಕಂಡದ್ದು ವಿಚಿತ್ರ. ಮುಂದಿನ ಆರು ಸಾಲು ಖಾಲಿ. ಬಂದವರೆಲ್ಲ ಹಿಂದಿನ ಗೋಡೆಗೆ ಅಂಟಿಕೊಂಡು ಕೂತಿದ್ದಾರೆ, ಕೆಲವರು ಬಾಗಿಲ ಹತ್ತಿರವೇ ನಿಂತಿದ್ದಾರೆ. ದೇವರಾಜುಗೆ ತಡೆಯಲಾಗಲಿಲ್ಲ.

“ಮುಂದ್ಕೋಗಿ ಸ್ವಾಮಿ, ಮುಂದೆ ಎಲ್ಲಾ ಖಾಲಿ ಐತೆ. ಬಾಗ್ಲಲ್ಲಿ ನಿಂತ್ಕಬ್ಯಾಡಿ.”

ಆ ದನಿಯಲ್ಲಿ ಏನಿತ್ತೋ, ಪ್ರಾಧ್ಯಾಪಕರು, ವಿದ್ಯಾರ್ಥಿಗಳು ಎಲ್ಲ ಚೀಲ ಎತ್ತಿಕೊಂಡು ಮುಂದೆ ಸರಿದರು. ಎರಡು ನಿಮಿಷದಲ್ಲಿ ಮುಂದಿನ ಸಾಲುಗಳು ತುಂಬಿದವು. ಕೇಂದ್ರದ ನಿರ್ದೇಶಕಿ ಅರ್ಚನ ಮೇಡಂ ತಾವು ಎಷ್ಟೋ ವರ್ಷದಿಂದ ಮೈಕಿನಲ್ಲಿ ಬೇಡಿಕೊಂಡರೂ ಆಗದ ಕೆಲಸವಿದು ಎಂದು ಬೆರಗಾದರು. ಊಟಕ್ಕೆ ಕರೆದರು, ಮುಂದಿನ ಕಾರ್ಯಕ್ರಮಕ್ಕೂ ತಪ್ಪದೆ ಬನ್ನಿ ಎಂದರು. ದೇವರಾಜು ತಪ್ಪಿಸಲಿಲ್ಲ. ವೀರಗಲ್ಲು, ಕೋಲಾಟ, ಕೆರೆ ಕಾಲುವೆ, ವಿಷಯ ಏನಿದ್ದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾದರು. ಮಂಚಮ್ಮ ಅರ್ಚನ ಮೇಡಂ ಹೆಸರಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಕೇಂದ್ರದಲ್ಲಿ ಇನ್ನೊಂದು ತೊಂದರೆಯಿತ್ತು. ಹದಿನೈದು ನಿಮಿಷ ಕೊಟ್ಟವರು ಮುಕ್ಕಾಲು ಗಂಟೆ ಮಾತಾಡುತ್ತಿದ್ದರು, ಅಡುಗೆಯವರು ಸಾರನ್ನು ಮತ್ತೆ ಮತ್ತೆ ಕುದಿಸುತ್ತಿದ್ದರು. ಹೊತ್ತು ನೋಡಿ ಗಂಟೆ ಬಾರಿಸುವ ಕೆಲಸವನ್ನು ಮೇಡಂ ದೇವರಾಜುಗೆ ವಹಿಸಿದರು. ಮೊದಲ ದಿನವೇ ಡಾ. ಶ್ರೀರಾಮ್ ಎಂಬ ಹೊರಗಿನ ವಿದ್ವಾಂಸರು ಪೀಠಿಕೆಯಲ್ಲೇ ಸಮಯ ಮುಗಿಸಿದರು. ದೇವರಾಜು ಗಂಟೆ ಬಾರಿಸಿದರು. ಶ್ರೀರಾಮ್ ನಿಲ್ಲಿಸಲಿಲ್ಲ. ಇನ್ನೊಮ್ಮೆ ಬಾರಿಸಿದರು. ಅವರು ಕನ್ನಡಕ ಸರಿಮಾಡಿಕೊಂಡು, ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ ಎಂದರು. ದೇವರಾಜು ವೇದಿಕೆ ಹತ್ತಿ, ಬಹಳ ಮರ್ಯಾದೆಯಿಂದ ಅವರ ಮೊಣಕೈ ಹಿಡಿದರು.

“ನಿಮ್ಮ ಸ್ಟಾಪು ಬಂತು ಸಾರ್. ನೋಡ್ಕಂಡು ಇಳೀರಿ, ಮೆಟ್ಲು ಐತೆ.”

ಶ್ರೀರಾಮ್ ಇಳಿದರು. ಊಟ ಮಾಡದೆ ಕಾರು ಹತ್ತಿದರು. ಮೇಡಂ ವಾರವೆಲ್ಲ ಫೋನಿನಲ್ಲಿ ಕ್ಷಮೆ ಕೇಳಿದರು. ಆದರೆ ಆಮೇಲೆ ಬಂದ ಪ್ರಬಂಧಗಳೆಲ್ಲ ಮೊದಲ ವಾಕ್ಯದಲ್ಲೇ ಮುಖ್ಯ ವಿಷಯಕ್ಕೆ ಬರತೊಡಗಿದವು.

ಮರುವರ್ಷ ಕೇಂದ್ರದವರು ಸುತ್ತಲಿನ ಊರಿನವರೇ ತಮ್ಮ ಬದುಕಿನ ಬಗ್ಗೆ ಮಾತಾಡುವ ಕಾರ್ಯಕ್ರಮ ಇಟ್ಟರು. ಬಸ್ಸಿನ ಬದುಕಿನ ಬಗ್ಗೆ ಮಾತಾಡಲು ದೇವರಾಜು ಒಪ್ಪಿಕೊಂಡು, ಹಿತ್ತಲಿನಲ್ಲಿ ಎಮ್ಮೆಯ ಮುಂದೆ ಅಭ್ಯಾಸ ಮಾಡಿದರು. ಎಮ್ಮೆ ಗಮನವಿಟ್ಟು ಕೇಳಿತು. ಆ ದಿನ ಮಂಚಮ್ಮ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತರು. ಆದರೆ ಮೈಕಿನ ಮುಂದೆ ನಿಂತ ದೇವರಾಜುಗೆ ನಾಲಿಗೆ ಹೊರಳಲಿಲ್ಲ. ಇಡೀ ಸಭೆ ತಮ್ಮನ್ನೇ ನೋಡುತ್ತಿದೆ. ಬಸ್ಸಿನಲ್ಲಿ ಎಲ್ಲರೂ ಮುಂದಕ್ಕೆ ನೋಡಿ ಕೂರುತ್ತಾರೆ, ಯಾರೂ ಕಂಡಕ್ಟರನ ಮುಖವನ್ನು ಹೀಗೆ ದಿಟ್ಟಿಸುವುದಿಲ್ಲ. ಮಂಚಮ್ಮನಿಗೆ ಗಂಡನ ಕಷ್ಟ ಅರ್ಥವಾಯಿತು.

“ಅಲ್ಲಿ ಯಾಕ್ ನಿಂತಿದ್ದೀರಿ, ಇತ್ಲಾಗ್ ಇಳ್ದು ಬನ್ನಿ” ಎಂದರು.

ದೇವರಾಜು ಇಳಿದು ಬಂದರು. ಕುರ್ಚಿಗಳ ನಡುವಿನ ದಾರಿಯಲ್ಲಿ ಕಾಲಿಟ್ಟು, ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡದ್ದೇ ತಡ, ಮಾತು ಹೊರಟಿತು. ನಡೆಯುತ್ತ, ಬಾಗುತ್ತ, ಕೆ.ಆರ್.ಪೇಟೆ ಸಂತೆಯ ದಿನದ ಕಥೆ ಹೇಳಿದರು. ಸಿಂಧಘಟ್ಟದ ಇಬ್ಬರು ಹೆಂಗಸರು ಕೋಳಿಬುಟ್ಟಿ ಇಟ್ಟುಕೊಂಡು ಹತ್ತಿದ್ದರು. ದಾರಿಯಲ್ಲಿ ಸೀಟಿನ ಕೆಳಗೆ ಒಂದು ಮೊಟ್ಟೆ ಸಿಕ್ಕಿತು. ಯಾರ ಕೋಳಿಯದೆಂದು ಜಗಳ ಹತ್ತಿ, ಬಸ್ಸಿನ ಎಡಗಡೆಯವರೆಲ್ಲ ಒಂದು ಪಕ್ಷ, ಬಲಗಡೆಯವರೆಲ್ಲ ಇನ್ನೊಂದು ಪಕ್ಷವಾಯಿತು. ನಿಂತಿದ್ದವರು ಪಂಚಾಯ್ತಿಗೆ ಕೂತರು. ಮೊಟ್ಟೆಯನ್ನು ಡ್ರೈವರು ತಿಂದು ಜಗಳ ಮುಗಿಸಿದ ಎಂದು ದೇವರಾಜು ಹೇಳುವಷ್ಟರಲ್ಲಿ ಸಭೆಯಲ್ಲೂ ಎರಡು ಪಕ್ಷಗಳಾಗಿದ್ದವು. ಅರ್ಚನ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಸಾರು ಆರಿತು, ಯಾರಿಗೂ ನೆನಪಾಗಲಿಲ್ಲ.

ಫಜೀತಿ ಗೊತ್ತಾದದ್ದು ಮರುದಿನ. ಭಾಷಣವನ್ನು ಪುಸ್ತಕಕ್ಕೆ ಬರೆದುಕೊಡಬೇಕಾಗಿದ್ದ ಸಂಶೋಧನಾ ವಿದ್ಯಾರ್ಥಿನಿ, ನಾಗಮಂಗಲದ ನೂರ್ ಫಾತಿಮಾ ರೆಕಾರ್ಡಿಂಗ್ ಹಾಕಿದರೆ, ಬರೀ ಚಪ್ಪಲಿ ಸದ್ದು, ನಗು, ದೂರದಲ್ಲೆಲ್ಲೋ ‘ಕೋಳಿ’ ಎಂಬ ಮಾತು. ಮೈಕು ವೇದಿಕೆಯಲ್ಲೇ ಉಳಿದಿತ್ತು. ಹುಡುಗಿ ಪಾಂಡವಪುರಕ್ಕೆ ಬಸ್ಸು ಹತ್ತಿದಳು.

ಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ದೇವರಾಜು ಮತ್ತೆ ಮೂಕರಾದರು. ಕೊನೆಗೆ ಪಡಸಾಲೆಯಲ್ಲಿ ಅವರು ಅತ್ತಿಂದಿತ್ತ ನಡೆಯುವುದು, ನೂರ್ ಫಾತಿಮಾ ಫೋನು ಹಿಡಿದು ಅವರ ಹಿಂದೆ ನಡೆಯುವುದು ಎಂದಾಯಿತು. ಮೊಟ್ಟೆಯನ್ನು ಡ್ರೈವರು ತಿಂದ ಎನ್ನುವಾಗ, ಅವರೆಕಾಯಿ ಸುಲಿಯುತ್ತಿದ್ದ ಮಂಚಮ್ಮ ತಲೆಯೆತ್ತಿದರು.

“ಡ್ರೈವರು ಎಲ್ ತಿಂದ? ಜೇಬಲ್ಲಿಟ್ಕಂಡು ಮನೆಗ್ ತಂದ್ರು ಕಣವ್ವ. ಬೇಯ್ಸಿದ್ದು ನಾನು, ತಿಂದಿದ್ದು ಇವ್ರು.”

ದೇವರಾಜು ನಡೆಯುವುದನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಮಂಚಮ್ಮನೇ ಹೇಳುತ್ತ ಹೋದರು. ಕೊನೇ ಟ್ರಿಪ್ಪಿಗೆ ಕಾದು ಅನ್ನ ಬಿಸಿ ಮಾಡಿದ್ದು, ಗಂಡ ನಿದ್ದೆಯಲ್ಲಿ ಎದ್ದು ಕೂತು ನಾಗಮಂಗಲ ಎಂದು ಕೂಗಿದ್ದು, ತಮಗೆ ಹೆರಿಗೆಯಾದಾಗ ಮನೆ ಮುಂದೆ ನಿಂತ ಬಸ್ಸಿನ ಜನರೆಲ್ಲ ಇಳಿದು ಮಗು ನೋಡಿಕೊಂಡು ಹೋದದ್ದು. ಅಷ್ಟೂ ಮೊಟ್ಟೆಯ ಕಥೆಗಿಂತ ಚೆನ್ನಾಗಿತ್ತು. ಅದು ದೇವರಾಜುಗೂ ಗೊತ್ತಾಯಿತು, ಅವರು ಕೂತು ಅವರೆಕಾಯಿ ಸುಲಿದರು.

ಹೊರಡುವಾಗ ನೂರ್ ಫಾತಿಮಾ ಲೇಖನಕ್ಕೆ ಯಾರ ಹೆಸರು ಹಾಕಲಿ ಎಂದು ಕೇಳಿದಳು. ದೇವರಾಜು, ಇಬ್ಬರದೂ ಹಾಕವ್ವ ಎಂದರು. ಮಂಚಮ್ಮ ಒಳಗೆ ಹೋಗಿ, ಹುಡುಗಿಗೆ ಕೊಡಲು ಒಂದು ಚೀಲದಲ್ಲಿ ಅವರೆಕಾಯಿ ತುಂಬಿದರು.