ಫ್ರಿಜ್ಜಿನ ಡಬ್ಬಿಯಲ್ಲಿ ಹಳ್ಳದ ಕೆಸರು

ಹೋದ ತಿಂಗಳು ಒಂದು ಬೆಳಿಗ್ಗೆ ದೋಸೆ ಹಿಟ್ಟಿರಬೇಕೆಂದು ಫ್ರಿಜ್ಜಿನಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಕಪ್ಪು ಕೆಸರು! ಪಕ್ಕದಲ್ಲಿ ಇನ್ನೊಂದು ಡಬ್ಬಿ. ಅದರಲ್ಲೂ ಕೆಸರೇ.

"ಮುಟ್ಟಬ್ಯಾಡ್ರಿ, ಲ್ಯಾಬಿಗೆ ಹೋಗೋದೈತೆ" ಎಂದಳು ನನ್ನಾಕೆ. (ರಿಟೈರ್ಡ್ ಕೆಮಿಸ್ಟ್ರಿ ಲೆಕ್ಚರರ್. ರಿಟೈರ್ ಆಗಿದ್ದು ಕಾಲೇಜಿನಿಂದ ಮಾತ್ರ.)

ವಿಷಯ ಇಷ್ಟು. ಹರಿಹರದ ಹತ್ತಿರ ನಮ್ಮ ಹೊಲ ನೋಡಿಕೊಳ್ಳುವ ಗಿರಿಜಮ್ಮನ ಎರಡು ಎಮ್ಮೆ ಕರುಗಳು ಸತ್ತಿದ್ದವು. ಪಕ್ಕದ ಹಳ್ಳದ ಮೇಲ್ಭಾಗದಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ ಬಂದಿದೆ, ಅದರದ್ದೇ ಕಿತಾಪತಿ ಎಂಬುದು ಅವಳ ದೂರು. ಊರವರು ಅವಳ ಕೈಯಲ್ಲೇ ಬಾಟಲಿ ತುಂಬಿಸಿ ಹಳ್ಳದ ನೀರನ್ನು ಟೆಸ್ಟಿಗೆ ಕಳಿಸಿದರು. ದೋಷವಿಲ್ಲ ಎಂದು ರಿಪೋರ್ಟ್ ಬಂತು. ಶೆಡ್ಡಿನವನು ಅದನ್ನೇ ಝೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ! ಉಳಿದ ಎಮ್ಮೆಗಳನ್ನೂ ಮಾರಿಬಿಡುತ್ತೇನೆಂದು ಗಿರಿಜಮ್ಮ ನಮ್ಮ ಮನೆಗೆ ಬಂದು ಅತ್ತಳು.

ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ. "ನೀರು ಹೆಂಗೆ ತುಂಬಿದಿ?"

"ಮೂರು ಸಲ ಬಟ್ಟಿಯಾಗ ಸೋಸಿ ತುಂಬಿದ್ನಿರಿ ಅಕ್ಕಾರೆ. ದೊಡ್ಡೋರು ನೋಡೋ ನೀರು, ಕಸ ಇದ್ರೆ ಏನಂದಾರು?"

ಮರ್ಯಾದೆ ನೋಡಿ! ಬ್ಯಾಟರಿಯ ಸೀಸ ಮಣ್ಣಿನ ಕಣಕ್ಕೆ ಅಂಟಿ ತಳ ಸೇರುತ್ತದಂತೆ; ನೀರಿನಲ್ಲಿದ್ದ ಅಷ್ಟಿಷ್ಟು ಕಣವೂ ಗಿರಿಜಮ್ಮನ ಬಟ್ಟೆಯಲ್ಲೇ ಉಳಿದಿತ್ತು. ನೀರು ಹರಿದು ಹೋಗುತ್ತದೆ. ಕೆಸರು ಅಲ್ಲೇ ಕೂತು ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ. (ನಮ್ಮತ್ತೆಯ ಹಾಗೆ.) ಅದಕ್ಕೇ ನನ್ನಾಕೆ ಸೀರೆ ಎತ್ತಿ ಕಟ್ಟಿ, ಶೆಡ್ಡಿಗಿಂತ ಮೇಲೊಂದು, ಕೆಳಗೊಂದು ಡಬ್ಬಿ ಕೆಸರು ತುಂಬಿ ತಂದಿದ್ದಳು.

ಮೇಲಿನ ಡಬ್ಬಿ ಕ್ಲೀನ್. ಕೆಳಗಿನದರಲ್ಲಿ ಸೀಸವೋ ಸೀಸ! ಎರಡೂ ರಿಪೋರ್ಟನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯ ಟೇಬಲ್ ಮೇಲಿಟ್ಟಳು. ಅವರೇ ಬಂದು ಮತ್ತೆ ಕೆಸರು ತೆಗೆಸಿದರು. ಅದೇ ಉತ್ತರ. ಮೊನ್ನೆ ಸೋಮವಾರ ಶೆಡ್ಡಿಗೆ ಬೀಗ ಬಿತ್ತು.

"ಗೆದ್ವಿ ಅಕ್ಕಾರೆ! ಎಮ್ಮಿ ಮಾರಲ್ಲ!" ಗಿರಿಜಮ್ಮ ಫೋನಿನಲ್ಲಿ ಕೂಗಿದ್ದು ಅಡುಗೆಮನೆಯಿಂದ ನನಗೂ ಕೇಳಿಸಿತು. ಹಳ್ಳದ ಹೂಳು ತೆಗೆಯುವವರೆಗೆ ಎಮ್ಮೆಗಳಿಗೆ ಬೋರ್ ನೀರು. ನನ್ನಾಕೆಯ ಮುಖದಲ್ಲಿ ಅಂಥ ಖುಷಿ ನೋಡಿ ಬಹಳ ವರ್ಷವಾಗಿತ್ತು. ನನಗೂ ಎದೆಯುಬ್ಬಿತು.

ಅಲ್ಲಿಗೇ ಸುಮ್ಮನಿರಬಾರದಿತ್ತೇ ನಾನು? "ಟೆಸ್ಟಿಗೆ ಕಳಿಸೋ ನೀರನ್ನ ಯಾರಾದ್ರೂ ಸೋಸ್ತಾರಾ?" ಎಂದು ನಕ್ಕೆ.

"ಶುಗರ್ ಟೆಸ್ಟ್ ಮುಂಚೆ ಎರಡು ದಿನ ಸ್ವೀಟ್ ಬಿಡೋರು ಯಾರ್ರಿ?"

ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ಹೇಳುವ ಟೆಸ್ಟ್ ಒಂದಿದೆಯಲ್ಲ? ಅದಕ್ಕೆ ನಾಳೆ ಬೆಳಿಗ್ಗೆ ನನ್ನ ಹೆಸರು ಬರೆಸಿದ್ದಾಳೆ.

ಹೇಳಿ, ಈಗ ನಾನು ಯಾವ ಬಟ್ಟೆಯಲ್ಲಿ ಸೋಸಲಿ?