ಗಲಾಟೆ ಮಿಸ್ಸಿನ ಪದವಿ

ಆರು, ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದ ಅವಳಿಗೆ ಶಾಲೆಯಲ್ಲಿ ಗಲಾಟೆ ಮಿಸ್ ಎಂದೇ ಹೆಸರು. ಗಲಾಟೆ ಅವಳದಲ್ಲ, ಮಕ್ಕಳದು. ಲೆಕ್ಕ ತಪ್ಪಿದವರನ್ನು ಬೈಯುವ ಬದಲು ಬೋರ್ಡಿನ ಮುಂದೆ ನಿಲ್ಲಿಸಿ, "ಹೇಗೆ ಯೋಚಿಸಿದೆ, ಹೇಳು" ಎನ್ನುತ್ತಿದ್ದಳು. ಉಳಿದವರು ಅದರ ಮೇಲೆ ಜಗಳಕ್ಕೆ ಬೀಳುತ್ತಿದ್ದರು. ಪಕ್ಕದ ಕೋಣೆಯ ಭಾಷಾ ಮೇಷ್ಟ್ರು ಗೋಡೆ ಬಡಿಯುತ್ತಿದ್ದರು.

ಐದನೇ ತರಗತಿಯವರೆಗೆ ಬಾಯಿ ಮುಚ್ಚದ ಮಕ್ಕಳು ಏಳಕ್ಕೆ ಬರುವಷ್ಟರಲ್ಲಿ ಕೈ ಎತ್ತುವುದನ್ನೇ ಏಕೆ ಬಿಡುತ್ತಾರೆ? ಈ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. ನಲವತ್ತು ದಾಟಿದ ಮೇಲೆ ಮಾಧ್ಯಮಿಕ ಶಾಲಾ ಬೋಧನೆಯ ಸ್ನಾತಕೋತ್ತರ ಪದವಿಗೆ ಸೇರಿದಳು.

"ಓದು, ಯಾರು ಬೇಡ ಅಂದ್ರು?" ಎಂದ ಗಂಡ. "ಮನೆ ಕೆಲಸ ನಿಲ್ಬಾರದು, ಅಷ್ಟೆ."

ಅತ್ತೆ ಅಷ್ಟೂ ಉದಾರಿಯಲ್ಲ. "ಈ ವಯಸ್ಸಲ್ಲಿ ಓದಿ ಯಾರನ್ನ ಉದ್ಧಾರ ಮಾಡ್ಬೇಕಮ್ಮಾ?"

ಒಲೆಯ ಮುಂದೆ ನಿಂತು ಓದಿದಳು. ರಜಾದಿನಗಳೆಲ್ಲ ಕಾಲೇಜಿಗೆ ಹೋದವು. ತನ್ನ ತರಗತಿಯನ್ನೇ ಅಧ್ಯಯನಕ್ಕೆ ಆರಿಸಿಕೊಂಡಳು. ಮಾತೇ ಆಡದ ಹುಡುಗಿಯೊಬ್ಬಳು ಒಂದು ದಿನ ಎದ್ದು ನಿಂತು, "ಮಿಸ್, ನೀವೇ ತಪ್ಪು ಬರೆದಿದ್ದೀರಿ" ಎಂದಾಗ ಅವಳಿಗೆ ಕಣ್ಣು ತುಂಬಿ ಬಂದಿತ್ತು. ಪ್ರಬಂಧವನ್ನು ಪರೀಕ್ಷಕರು ಮೆಚ್ಚಿಕೊಂಡರು.

ಪದವಿ ಕೈಸೇರಿದ ಮೇಲೆ ಮುಖ್ಯೋಪಾಧ್ಯಾಯಿನಿ ಕರೆಸಿ, ಅವಳನ್ನು ಬೋಧನಾ ಸಂಯೋಜಕಿ ಮಾಡಿರುವುದಾಗಿ ಹೇಳಿದರು. ಇನ್ನು ಮೇಲೆ ಆಫೀಸಿನಲ್ಲೇ ಕೂರಬೇಕು. ಯಾರು ಎಷ್ಟು ಪಾಠ ಮುಗಿಸಿದರೆಂದು ನೋಡಿ ಸಹಿ ಹಾಕಬೇಕು.

"ಮೇಡಂ, ನಾನು ಓದಿದ್ದೇ ಪಾಠ ಮಾಡೋಕೆ."

"ಇಷ್ಟು ಓದಿದವರನ್ನ ಸೀಮೆಸುಣ್ಣದ ಧೂಳಲ್ಲಿ ನಿಲ್ಲಿಸೋಕಾಗುತ್ತಾ? ಶಾಲೆ ಜಾಹೀರಾತಲ್ಲಿ ನಿಮ್ಮ ಫೋಟೋನೇ ಹಾಕಿದೀವಿ!"

"ಒಂದೇ ಒಂದು ಕ್ಲಾಸ್ ಆದ್ರೂ ಕೊಡಿ."

"ನೋಡೋಣ" ಎಂದರು ಅವರು. ಆ ಶಾಲೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ಅವಳ ತರಗತಿ ಹೊಸದಾಗಿ ಬಂದ ತರುಣನ ಪಾಲಾಯಿತು. ಕೆಟ್ಟವನಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದ, ಮಕ್ಕಳು ಉಸಿರೆತ್ತದೆ ನಕಲು ಮಾಡಿಕೊಳ್ಳುತ್ತಿದ್ದರು. ಭಾಷಾ ಮೇಷ್ಟ್ರಂತೂ ಬಲು ಖುಷಿಯಾಗಿದ್ದರು. ತಡೆಯಲಾರದೆ ಅವಳು ತರುಣನನ್ನು ಕರೆದು, "ಮಕ್ಕಳಿಗೂ ಸ್ವಲ್ಪ ಮಾತಾಡೋಕೆ ಬಿಡಪ್ಪಾ" ಎಂದಳು.

"ಬಿಡ್ತೀನಿ ಮೇಡಂ. ಆದ್ರೆ ಪಾಠ ಹಿಂದೆ ಬಿದ್ರೆ ನೀವೇ ಕೆಂಪು ಗೆರೆ ಎಳೀತೀರಲ್ಲ?"

ಹಿಂದಿನ ವಾರವಷ್ಟೇ ಅವಳು ಎಳೆದಿದ್ದಳು.

ಬೇರೆ ಶಾಲೆಗಳಲ್ಲಿ ವಿಚಾರಿಸಿದಳು. ಎಲ್ಲರೂ ಉಪಚಾರದ ಮಾತಾಡಿ, ಇಷ್ಟು ಓದಿದವರಿಗೆ ತಕ್ಕ ಹುದ್ದೆ ನಮ್ಮಲ್ಲಿಲ್ಲ ಎಂದು ಸಾಗಹಾಕಿದರು. ಮನೆಯಲ್ಲಿ ಹೇಳಿಕೊಂಡರೆ ಗಂಡ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಕುರ್ಚಿ ಸಿಕ್ತು, ಕಾಲುನೋವು ತಪ್ತು ಅಂದ್ಕೋ."

ಮರುವರ್ಷ ಕಿರಿಯ ಶಿಕ್ಷಕಿಯೊಬ್ಬಳು ಆಫೀಸಿಗೆ ಬಂದು, "ಅಕ್ಕಾ, ನಾನೂ ಅದೇ ಕೋರ್ಸಿಗೆ ಸೇರ್ಲಾ?" ಎಂದು ಕೇಳಿದಳು.

"ಪಾಠ ಮಾಡೋದು ಇಷ್ಟ ಇದ್ರೆ ಬೇಡ."

ಮಧ್ಯಾಹ್ನ ಶಿಕ್ಷಕರ ಕೋಣೆಯ ಬಾಗಿಲ ಹೊರಗೆ ಅವಳಿಗೆ ಆ ಕಿರಿಯ ಶಿಕ್ಷಕಿಯ ದನಿ ಕೇಳಿಸಿತು: "ತಾನೊಬ್ಳೇ ಮೇಲೆ ಕೂತಿರ್ಬೇಕಂತೆ. ಎಂಥಾ ಹೊಟ್ಟೆಕಿಚ್ಚು ನೋಡಿ!"

ಒಳಗಿದ್ದವರು ನಕ್ಕರು. ಅವಳು ಒಳಗೆ ಹೋಗಲಿಲ್ಲ. ಅಂದಿನಿಂದ ಊಟವನ್ನೂ ಆಫೀಸಿನಲ್ಲೇ ಮಾಡತೊಡಗಿದಳು.